ತುಂಬಿದುದು ಮಾಯಿತೇ?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ಸಾಮಾನ್ಯ ಕುಟುಂಬವನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಯಜಮಾನರು ಹತ್ತಿಯ ಗಿರಣಿಯೊಂದು ಬಾಗಿಲು ಮುಚ್ಚುವವರೆಗೂ ಅದರ ನೂಲಿನ ವಿಭಾಗದಲ್ಲಿ ದುಡಿದವರು. ಮನೆಯೊಡತಿಗೆ ಐವತ್ತನಾಲ್ಕು ವರ್ಷ. ಏಳು ತಿಂಗಳ ಹಿಂದೆ ಒಂದು ಬೆಳಗ್ಗೆ ಆಕೆ ಒಲೆಯ ಮುಂದೆ ನಿಂತಿದ್ದಾಗ, ತಲೆಯೊಳಗೆ ಸಿಡಿಲು ಹೊಡೆದಂತಹ ನೋವು ಎದ್ದಿತು. ಹುಟ್ಟಿದ ಮೇಲೆ ಅಂತಹ ನೋವನ್ನು ಆಕೆ ಕಂಡಿರಲಿಲ್ಲ. ವಾಂತಿಯಾಯಿತು, ಕತ್ತು ಬಿಗಿಯಿತು, ಸ್ವಲ್ಪ ಹೊತ್ತಿನಲ್ಲಿಯೇ ಪ್ರಜ್ಞೆ ತಪ್ಪಿತು. ಊರಿನಲ್ಲಿಯೇ ತೆಗೆದ ಸಿ.ಟಿ. ಚಿತ್ರದಲ್ಲಿ ಮಿದುಳಿನ ಸುತ್ತ ರಕ್ತ ಹರಡಿರುವುದು ಕಂಡಿತು. ಬೆಂಗಳೂರಿಗೆ ಕರೆದೊಯ್ದರು. ತಲೆಬುರುಡೆಯನ್ನು ತೆರೆಯದೆಯೇ, ತೊಡೆಯ ಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆಯೊಂದನ್ನು ತೂರಿಸಿ, ಮಿದುಳಿನ ನಾಳದಲ್ಲಿ ಒಡೆದಿದ್ದ ಉಬ್ಬಿನೊಳಕ್ಕೆ ಪ್ಲಾಟಿನಂ ಲೋಹದ ಸುರುಳಿಗಳನ್ನು ತುಂಬಿದರು. ಇಪ್ಪತ್ತು ದಿನಗಳ ಮೇಲೆ ಆಕೆ ತನ್ನ ಕಾಲಿನ ಮೇಲೆಯೇ ನಡೆದು ಮನೆಗೆ ಬಂದಳು. ನೆರೆಹೊರೆಯವರು ದುಗ್ಗಮ್ಮನ ದಯೆಯೆಂದರು.

ಆಸ್ಪತ್ರೆಯವರು ಕೊಟ್ಟ ದೊಡ್ಡ ಲಕೋಟೆ ಅಂದಿನಿಂದ ಬೀರುವಿನ ಮೇಲಿದೆ. ಆರು ತಿಂಗಳಿಗೆ ಮತ್ತೆ ಚಿತ್ರ ತೆಗೆಸಿ ತೋರಿಸತಕ್ಕದ್ದೆಂದು ಅದರೊಳಗಿನ ಕಾಗದದಲ್ಲಿ ಬರೆದಿದೆ. ಆರು ತಿಂಗಳು ಕಳೆದು ಏಳನೆಯದು ನಡೆಯುತ್ತಿದೆ. ಮಗ ನೆನಪಿಸಿದಾಗ ತಾಯಿ ನಗುತ್ತಾಳೆ.

"ಎಲ್ಲಾ ಸರಿ ಆಗೈತಲ್ಲಪ್ಪ. ತೂತಿತ್ತು, ತುಂಬಿದ್ರು, ಮುಗೀತು. ತಲೆನೋವು ಸೈತ ಇಲ್ಲ. ಮತ್ಯಾಕೆ ಬೆಂಗ್ಳೂರು?"

ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರು ಅಲ್ಲಿಂದ ಸುಮಾರು 260 ಕಿಲೋಮೀಟರ್ ದೂರ. ಪ್ರಯಾಣದ ಖರ್ಚು, ಮಗನಿಗೆ ರಜೆ, ಉಳಿಯುವ ವ್ಯವಸ್ಥೆ, ಎಲ್ಲಕ್ಕೂ ಮಿಗಿಲಾಗಿ ಆ ಕಾರಿಡಾರುಗಳನ್ನು ಮತ್ತೊಮ್ಮೆ ನೋಡಬೇಕೆಂಬ ಅಂಜಿಕೆ. ಆದರೂ ಆಕೆಯ ಪ್ರಶ್ನೆಗೆ ಉತ್ತರವುಂಟು. ಅದು ಕನ್ನಡದ ಎರಡು ಸರಳ ಕ್ರಿಯಾಪದಗಳ ನಡುವಿನ ಅಂತರದಲ್ಲಿ ಅಡಗಿದೆ: ತುಂಬುವುದು ಒಂದು, ಮಾಯುವುದು ಇನ್ನೊಂದು. ವೈದ್ಯರು ತುಂಬಿದರು. ಮಾಯಬೇಕಾದುದು ದೇಹ. ಅದು ಮಾಯಿತೋ ಇಲ್ಲವೋ ಎಂಬುದನ್ನು ರೋಗಿಯ ಲವಲವಿಕೆ ಹೇಳಲಾರದು, ಚಿತ್ರವೇ ಹೇಳಬೇಕು.

ಮೊದಲು ಈ ಉಬ್ಬಿನ ವಿಚಾರ. ಮಿದುಳಿಗೆ ರಕ್ತವನ್ನೊಯ್ಯುವ ಧಮನಿಗಳು ಅದರ ಬುಡದಲ್ಲಿ ಒಂದು ಉಂಗುರವಾಗಿ ಕೂಡಿಕೊಂಡಿವೆ. 1664ರಲ್ಲಿ ಅದನ್ನು ವಿವರವಾಗಿ ವರ್ಣಿಸಿದ ಥಾಮಸ್ ವಿಲ್ಲಿಸ್ ಎಂಬ ಆಂಗ್ಲ ವೈದ್ಯನ ಹೆಸರೇ ಆ ಉಂಗುರಕ್ಕೆ ನಿಂತಿದೆ. ಧಮನಿ ಕವಲೊಡೆಯುವೆಡೆಯಲ್ಲಿ ರಕ್ತದ ಹೊಡೆತ ಹೆಚ್ಚು. ಅಲ್ಲಿ ಗೋಡೆ ದುರ್ಬಲವಾಗಿದ್ದರೆ ಕ್ರಮೇಣ ಹೊರಕ್ಕೆ ಉಬ್ಬಿ, ಸಣ್ಣ ಕೊರಳಿನ ಚೀಲದಂತಾಗುತ್ತದೆ. ಇದನ್ನೇ ವೈದ್ಯರು ಅನ್ಯೂರಿಸಮ್ ಎನ್ನುತ್ತಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂತಹ ಉಬ್ಬು ಇರಬಹುದೆಂದು ಲೆಕ್ಕ. ಬಹುಪಾಲು ಮಂದಿಯಲ್ಲಿ ಅದು ಒಡೆಯದೆ, ಅವರಿಗೆ ತಿಳಿಯದೆಯೇ ಉಳಿಯುತ್ತದೆ. ಹೆಂಗಸರಲ್ಲಿ ಇದು ಗಂಡಸರಲ್ಲಿರುವುದಕ್ಕಿಂತ ಹೆಚ್ಚು. ಅಧಿಕ ರಕ್ತದೊತ್ತಡ, ಧೂಮಪಾನ, ಹತ್ತಿರದ ರಕ್ತಸಂಬಂಧಿಗಳಲ್ಲಿ ಇದೇ ವ್ಯಾಧಿ ಇದ್ದಿರುವುದು, ಇವು ಅಪಾಯವನ್ನು ಹೆಚ್ಚಿಸುತ್ತವೆ.

ಬದುಕಿರುವ ಮನುಷ್ಯನ ತಲೆಯೊಳಗೆ ಈ ಉಬ್ಬನ್ನು ನೋಡುವುದು ಒಂದು ಕಾಲಕ್ಕೆ ಆಗದ ಮಾತಾಗಿತ್ತು. 1927ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ನಿನಲ್ಲಿ ಈಗಾಸ್ ಮೊನಿಸ್ ಎಂಬ ವೈದ್ಯನು ಕತ್ತಿನ ಧಮನಿಯೊಳಕ್ಕೆ ಎಕ್ಸ್-ರೇಗೆ ಗೋಚರವಾಗುವ ದ್ರವವನ್ನು ಹಾಯಿಸಿ ಮಿದುಳಿನ ನಾಳಗಳ ಚಿತ್ರವನ್ನು ತೆಗೆದ ಮೇಲೆ ಆ ಬಾಗಿಲು ತೆರೆಯಿತು. 1937ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯನು ತಲೆಬುರುಡೆಯನ್ನು ತೆರೆದು, ಉಬ್ಬಿನ ಕೊರಳಿಗೆ ಲೋಹದ ಕ್ಲಿಪ್ಪೊಂದನ್ನು ಹಾಕಿ ಬಿಗಿದನು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ಮುಖ್ಯ ಚಿಕಿತ್ಸೆಯಾಗಿ ನಡೆಯಿತು. 1990ರಲ್ಲಿ ಇಟಲಿಯ ಗ್ವಿದೊ ಗುಲ್ಯೆಲ್ಮಿ ಲಾಸ್ ಏಂಜಲೀಸ್ ನಗರದಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಕೂದಲಿಗಿಂತಲೂ ಸಣ್ಣದಾದ ಪ್ಲಾಟಿನಂ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ, ಅದನ್ನು ನಾಳದೊಳಗಿನಿಂದಲೇ ಉಬ್ಬಿಗೆ ತಲುಪಿಸಿ, ಸರಿಯಾಗಿ ಕೂತಿತೆಂದು ಖಚಿತವಾದ ಮೇಲೆ ಅಲ್ಪ ವಿದ್ಯುತ್ತನ್ನು ಹರಿಸಿ ತಂತಿಯಿಂದ ಕಳಚುವುದು ಅವರ ಉಪಾಯ. ಸರಿಯಾಗಿ ಕೂರದಿದ್ದರೆ, ಕಳಚುವುದಕ್ಕೆ ಮುಂಚೆ, ಅದನ್ನು ಹಿಂದಕ್ಕೆ ಎಳೆದುಕೊಳ್ಳಲೂ ಬರುತ್ತದೆ.

2002ರಲ್ಲಿ ಒಂದು ದೊಡ್ಡ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಉಬ್ಬು ಒಡೆದು ಬಂದ 2143 ರೋಗಿಗಳನ್ನು, ಇಬ್ಬಗೆಯ ಚಿಕಿತ್ಸೆಗೂ ಯೋಗ್ಯರಾದವರನ್ನೇ ಆರಿಸಿ, ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕ್ಲಿಪ್ಪನ್ನೂ ಇನ್ನೊಂದಕ್ಕೆ ಸುರುಳಿಯನ್ನೂ ಕೊಟ್ಟಿದ್ದರು. ಒಂದು ವರ್ಷದ ಕೊನೆಗೆ ಮೃತರಾದವರು ಅಥವಾ ಪರರ ಆಸರೆಯಲ್ಲಿ ಬದುಕುವಂತಾದವರು ಕ್ಲಿಪ್ಪಿನ ಗುಂಪಿನಲ್ಲಿ ನೂರಕ್ಕೆ 30.6, ಸುರುಳಿಯ ಗುಂಪಿನಲ್ಲಿ ನೂರಕ್ಕೆ 23.7. ಸುರುಳಿಯ ಪರವಾಗಿ ಲೋಕದ ಅಭಿಪ್ರಾಯ ವಾಲಿದುದು ಅಲ್ಲಿಂದ ಮುಂದೆ. ಆದರೆ ಅದೇ ಪರೀಕ್ಷೆ ಇನ್ನೊಂದು ಸಂಗತಿಯನ್ನೂ ತೋರಿಸಿಕೊಟ್ಟಿತು: ಎರಡನೆಯ ಬಾರಿ ಚಿಕಿತ್ಸೆ ಬೇಕಾಗುವುದು ಸುರುಳಿ ತುಂಬಿಸಿಕೊಂಡವರಲ್ಲಿಯೇ ಹೆಚ್ಚು. ಬೀರುವಿನ ಮೇಲಿನ ಲಕೋಟೆಯ ಅರ್ಥ ಇಲ್ಲಿದೆ.

ದಾವಣಗೆರೆಯವರಿಗೆ ಭದ್ರಾ ನಾಲೆ ಹೊಸದಲ್ಲ. ನಾಲೆಯ ಏರಿ ಒಂದೆಡೆ ಕುಸಿಯಿತೆನ್ನೋಣ. ಜನ ಓಡಿಬಂದು ಮರಳಿನ ಮೂಟೆಗಳನ್ನು ಒಟ್ಟುತ್ತಾರೆ. ನೀರು ನಿಲ್ಲುತ್ತದೆ, ಕೆಳಗಿನ ಗದ್ದೆ ಉಳಿಯುತ್ತದೆ. ಆದರೆ ಏರಿ ಸರಿಹೋಯಿತೆಂದು ಯಾವ ರೈತನೂ ಅಂದೇ ಹೇಳುವುದಿಲ್ಲ. ಮೂಟೆಗಳ ಸಂದಿನಲ್ಲಿ ಮಣ್ಣು ಕೂತು, ಗಟ್ಟಿಯಾಗಿ, ಅದರ ಮೇಲೆ ಗರಿಕೆ ಹಬ್ಬಿ, ಹಳೆಯ ಏರಿಗೂ ಹೊಸ ಮಣ್ಣಿಗೂ ಬೆಸುಗೆಯಾದಾಗ ಮಾತ್ರ ಅವನು ನಿಶ್ಚಿಂತನಾಗುತ್ತಾನೆ. ಅಷ್ಟರೊಳಗೆ ನೀರು ದಿನವೂ ಮೂಟೆಗಳನ್ನು ತಳ್ಳುತ್ತಲೇ ಇರುತ್ತದೆ.

ತಲೆಯೊಳಗಿನ ಕಥೆಯೂ ಹೀಗೆಯೇ. ಉಬ್ಬು ಸುರುಳಿಯಿಂದ ತುಂಬಿತು ಎಂದಾಗ ಒಳಗೆಲ್ಲ ಲೋಹವೇ ಇದೆಯೆಂದು ಯಾರಿಗಾದರೂ ತೋರುವುದು ಸಹಜ. ವಾಸ್ತವವಾಗಿ ಎಷ್ಟು ಒತ್ತಾಗಿ ತುಂಬಿದರೂ ಲೋಹ ಆಕ್ರಮಿಸುವುದು ಚೀಲದ ಗಾತ್ರದಲ್ಲಿ ಸುಮಾರು ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ. ಸಡಿಲವಾಗಿ ಸುತ್ತಿದ ನೂಲಿನ ಉಂಡೆಯನ್ನು ಹಿಸುಕಿ ನೋಡಿದವರಿಗೆ ಇದು ಒಡನೆಯೇ ತಿಳಿಯುತ್ತದೆ. ಉಳಿದ ಜಾಗದಲ್ಲಿ ರಕ್ತದ ಚಲನೆ ಕುಂದಿ, ರಕ್ತ ಹೆಪ್ಪುಗಟ್ಟುತ್ತದೆ. ಒಡೆದ ಬಾಯನ್ನು ಮೊದಲು ಮುಚ್ಚುವುದು ಈ ಹೆಪ್ಪೇ.

ಹೆಪ್ಪಿನೊಂದಿಗೆ ಮಾಯುವ ಕೆಲಸ ಆರಂಭವಾಗುತ್ತದೆ, ಮುಗಿಯುವುದಿಲ್ಲ. ಮುಂದಿನ ವಾರಗಳಲ್ಲಿ, ತಿಂಗಳುಗಳಲ್ಲಿ, ನಾಳದ ಗೋಡೆಯಿಂದ ಜೀವಕೋಶಗಳು ಹೆಪ್ಪಿನೊಳಕ್ಕೆ ನಡೆದುಬಂದು ಅದನ್ನು ನಾರಿನಂತಹ ಗಟ್ಟಿ ಅಂಗಾಂಶವಾಗಿ ಮಾರ್ಪಡಿಸಬೇಕು. ಉಬ್ಬಿನ ಕೊರಳಿನ ಅಡ್ಡಕ್ಕೆ, ನಾಳದ ಒಳಮೈಯಲ್ಲಿರುವ ನಯವಾದ ಪದರ ಎರಡು ಕಡೆಯಿಂದಲೂ ಹಬ್ಬಿಕೊಂಡು ಬಂದು ಕೂಡಬೇಕು. ಅದು ಏರಿಯ ಮೇಲೆ ಗರಿಕೆ ಹಬ್ಬಿದ ಹಾಗೆ. ಚಿಕ್ಕ ಉಬ್ಬಿಗೆ, ಕಿರಿದಾದ ಕೊರಳಿಗೆ ಈ ಕಾರ್ಯ ಸುಲಭ. ಉಬ್ಬು ಹತ್ತು ಮಿಲಿಮೀಟರಿಗೂ ಮೀರಿದ್ದರೆ, ಕೊರಳು ಅಗಲವಾಗಿದ್ದರೆ, ಮೊದಲೇ ಪೂರ್ಣವಾಗಿ ತುಂಬದೆ ಹೋಗಿದ್ದರೆ ಕಷ್ಟ. ಹೃದಯ ನಿಮಿಷಕ್ಕೆ ಎಪ್ಪತ್ತು ಬಾರಿ ಬಡಿದರೂ ದಿನಕ್ಕೆ ಒಂದು ಲಕ್ಷ ಬಡಿತವಾಯಿತು. ಒಂದೊಂದು ಬಡಿತವೂ ಆ ಸುರುಳಿಯುಂಡೆಯ ಮುಖಕ್ಕೆ ಒಂದೊಂದು ಗುದ್ದು. ಮೈ ಬೆಸೆಯುವುದಕ್ಕೆ ಮುಂಚೆ ಉಂಡೆ ಒಳಕ್ಕೆ ಅಮರಿಕೊಂಡರೆ, ಕೊರಳಿನ ಬಳಿ ಮತ್ತೆ ಸಣ್ಣ ಪೊಟರೆ ತೆರೆದುಕೊಳ್ಳುತ್ತದೆ.

ಇದೆಲ್ಲ ನೋವಿಲ್ಲದೆ, ಸದ್ದಿಲ್ಲದೆ ನಡೆಯುವ ಸಂಗತಿ. ಆದುದರಿಂದಲೇ ಚಿತ್ರ ಬೇಕು.

ಯಾವ ಚಿತ್ರ? ಸಾಮಾನ್ಯ ಸಿ.ಟಿ.ಯಲ್ಲಿ ಪ್ಲಾಟಿನಂ ಗೆರೆಗೆರೆಯಾಗಿ ಹೊಳೆದು ಸುತ್ತಲಿನದನ್ನೆಲ್ಲ ಮರೆಮಾಡುತ್ತದೆ. ಸುರುಳಿಯ ಪಕ್ಕದಲ್ಲಿ ಏನಿದೆಯೆಂದು ಅದರಿಂದ ತಿಳಿಯುವುದು ದುಸ್ತರ. ಅತ್ಯಂತ ವಿಶ್ವಾಸಾರ್ಹವಾದದ್ದು ಕೊಳವೆಯನ್ನು ತೂರಿಸಿ ತೆಗೆಯುವ ಆಂಜಿಯೋಗ್ರಾಂ. ದ್ರವವನ್ನು ಹಾಯಿಸುವುದಕ್ಕೆ ಮುಂಚೆ ಒಂದು ಚಿತ್ರ, ಹಾಯಿಸಿದ ಮೇಲೆ ಒಂದು ಚಿತ್ರ; ಎರಡನೆಯದರಿಂದ ಮೊದಲನೆಯದನ್ನು ಯಂತ್ರ ಕಳೆದುಬಿಡುತ್ತದೆ. ಎಲುಬಿನ ನೆರಳು ಮಾಯವಾಗಿ, ನಾಳಗಳು ಮಾತ್ರ ಶಾಯಿಯಲ್ಲಿ ಬರೆದಂತೆ ಕಪ್ಪಾಗಿ ಉಳಿಯುತ್ತವೆ. ಈ ಪರೀಕ್ಷೆಯಲ್ಲಿ ಅಲ್ಪವಾದರೂ ಅಪಾಯವುಂಟು, ಅರ್ಧ ದಿನವಾದರೂ ಆಸ್ಪತ್ರೆಯಲ್ಲಿರಬೇಕು. ಆದಕಾರಣ ಅನೇಕ ಕಡೆ ಎಂ.ಆರ್.ಐ. ಯಂತ್ರದಲ್ಲಿ ತೆಗೆಯುವ ನಾಳಚಿತ್ರವನ್ನು ಬಳಸುತ್ತಾರೆ. ಅದಕ್ಕೆ ಎಕ್ಸ್-ರೇ ಬೇಡ. ಒಂದು ವಿಧಾನದಲ್ಲಿ ಸೂಜಿಮದ್ದೂ ಬೇಡ. ಹರಿಯುವ ರಕ್ತ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ. ಸುರುಳಿಯಿರುವ ಜಾಗ ಕಪ್ಪಾಗಿ ಕಾಣುತ್ತದೆ. ಕೊರಳಿನ ಬಳಿ ಬಿಳಿಯ ಚುಕ್ಕೆಯೊಂದು ಕಂಡರೆ ಅಲ್ಲಿ ರಕ್ತ ಇನ್ನೂ ಸುಳಿಯುತ್ತಿದೆಯೆಂದು ಶಂಕಿಸಬೇಕು.

ಚಿತ್ರದಲ್ಲಿ ವೈದ್ಯರು ಹುಡುಕುವುದೇನು? ಅವರಲ್ಲಿ ಮೂರು ತರಗತಿಗಳ ಒಂದು ಎಣಿಕೆಯುಂಟು. ಉಬ್ಬಿನೊಳಕ್ಕೆ ರಕ್ತ ಕಿಂಚಿತ್ತೂ ಹೋಗದಿದ್ದರೆ ಮೊದಲನೆಯ ತರಗತಿ. ಕೊರಳಿನಲ್ಲಿ ಮಾತ್ರ ಸ್ವಲ್ಪ ಉಳಿದಿದ್ದರೆ ಎರಡನೆಯದು. ಚೀಲದೊಳಗೇ ರಕ್ತ ಕಂಡರೆ ಮೂರನೆಯದು. ಈ ಮೂರನೆಯದರಲ್ಲಿಯೂ ಭೇದವಿದೆ. ರಕ್ತ ಸುರುಳಿಗಳ ಸಂದುಗಳಲ್ಲಿ ಜಿನುಗುತ್ತಿದ್ದರೆ ಅದು ಮುಂದೆ ತಾನಾಗಿಯೇ ಹೆಪ್ಪುಗಟ್ಟಿ ಮುಚ್ಚಿಹೋಗುವ ಸಂಭವ ಹೆಚ್ಚು. ಸುರುಳಿಗೂ ಗೋಡೆಗೂ ನಡುವೆ ಹರಿಯುತ್ತಿದ್ದರೆ ಆ ಭರವಸೆ ಕಡಮೆ. ಚಿಕಿತ್ಸೆಯ ದಿನದ ಚಿತ್ರದಲ್ಲಿ ಉಳಿದಿದ್ದ ಸಣ್ಣ ಕುರುಹು ಆರು ತಿಂಗಳಿಗೆ ಅಳಿಸಿಹೋಗಿರುವುದೂ ಉಂಟು, ಅಂದು ನಿರ್ಮಲವಾಗಿದ್ದ ಕೊರಳು ಆರು ತಿಂಗಳಿಗೆ ತೆರೆದಿರುವುದೂ ಉಂಟು. ಒಂದೇ ಚಿತ್ರದಿಂದ ಇದು ತಿಳಿಯದು. ಹಳೆಯದನ್ನೂ ಹೊಸದನ್ನೂ, ಸಾಧ್ಯವಾದಷ್ಟು ಒಂದೇ ಕೋನದಲ್ಲಿ ತೆಗೆದದ್ದನ್ನು, ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸುರುಳಿಯುಂಡೆಯ ಆಕಾರವೇ ಕುಗ್ಗಿದ್ದರೆ ಅದೂ ಒಂದು ಎಚ್ಚರಿಕೆ.

ಇಲ್ಲಿಯವರೆಗೆ ಹೇಳಿದವು ಮಾಯದಿರುವುದರ ಗುರುತುಗಳು. ಮಾಯುತ್ತಿರುವುದರ ಗುರುತು ಯಾವುದೂ ಇಲ್ಲವೇ? ಒಂದು ಇದೆ, ಸೊಗಸಾದ ಹೆಸರಿನದು. ಕೆಲವು ರೋಗಿಗಳ ಆಂಜಿಯೋಗ್ರಾಮಿನಲ್ಲಿ, ಕಪ್ಪಾಗಿ ಕಾಣುವ ಧಮನಿಗೂ ಕಪ್ಪಾಗಿ ಕಾಣುವ ಸುರುಳಿಯುಂಡೆಗೂ ನಡುವೆ, ಕೊರಳಿನ ಅಡ್ಡಕ್ಕೆ, ತೆಳ್ಳನೆಯ ಬಿಳಿಯ ಪಟ್ಟಿಯೊಂದು ಮೂಡಿರುತ್ತದೆ. ವೈದ್ಯರು ಅದನ್ನು ಬಿಳಿಯ ಕಾಲರ್ ಎಂದು ಕರೆದಿದ್ದಾರೆ. ಹೆಸರು ಕಚೇರಿಯ ಗುಮಾಸ್ತರನ್ನು ನೆನಪಿಗೆ ತಂದರೂ ಅರ್ಥ ಗಂಭೀರವಾದದ್ದು. ಆ ಪಟ್ಟಿಯಿರುವಲ್ಲಿ ದ್ರವ ಬೆರೆತ ರಕ್ತವೂ ಇಲ್ಲ, ಲೋಹವೂ ಇಲ್ಲ. ಎರಡೂ ಅಲ್ಲದ ಮೂರನೆಯ ವಸ್ತುವೊಂದು ಅಲ್ಲಿ ಬೆಳೆದಿದೆ. ಅದು ದೇಹ ತಾನೇ ನೇಯ್ದುಕೊಂಡ ಹೊಸ ಅಂಗಾಂಶವೆಂದು ತಜ್ಞರು ಊಹಿಸುತ್ತಾರೆ. ಏನೂ ಕಾಣದಿರುವುದೇ ಇಲ್ಲಿ ಮಾಯುವಿಕೆಯ ಕಾಣ್ಕೆ! ಆದರೂ ಚಿತ್ರವೆಂಬುದು ನೆರಳು ಮಾತ್ರ. ಪಟ್ಟಿ ಕಂಡಿತೆಂದು ಮುಂದಿನ ಪರೀಕ್ಷೆಗಳನ್ನು ಕೈಬಿಡಲಾಗದು, ಕಾಣಲಿಲ್ಲವೆಂದು ಎದೆಗುಂದಬೇಕಾಗಿಯೂ ಇಲ್ಲ. ಚೆನ್ನಾಗಿ ಮುಚ್ಚಿಕೊಂಡ ಉಬ್ಬುಗಳಲ್ಲಿಯೂ ಅದು ಎಲ್ಲರಲ್ಲಿ ಗೋಚರಿಸುವುದಿಲ್ಲ.

ಮರಳಿ ತೆರೆದುಕೊಳ್ಳುವುದು ಎಷ್ಟು ಮಂದಿಯಲ್ಲಿ? ಕೆನಡಾ ದೇಶದ ಮಾಂಟ್ರಿಯಲ್ ನಗರದ ವೈದ್ಯರು ತಾವು ಸುರುಳಿ ತುಂಬಿದ ಉಬ್ಬುಗಳನ್ನು ವರ್ಷಗಳ ಕಾಲ ಹಿಂಬಾಲಿಸಿ 2003ರಲ್ಲಿ ಲೆಕ್ಕ ಒಪ್ಪಿಸಿದರು. ಚಿತ್ರ ತೆಗೆದು ನೋಡಿದ ಉಬ್ಬುಗಳಲ್ಲಿ ನೂರಕ್ಕೆ 33.6 ಅಷ್ಟೋ ಇಷ್ಟೋ ಮತ್ತೆ ತೆರೆದಿದ್ದವು, ನೂರಕ್ಕೆ 20.7 ಗಣನೀಯವಾಗಿಯೇ ತೆರೆದಿದ್ದವು. ಈ ಅಂಕಿ ಗಾಬರಿ ಹುಟ್ಟಿಸುವಂತಹುದು. ಅದರ ಪಕ್ಕದಲ್ಲಿಯೇ ಇನ್ನೊಂದು ಅಂಕಿಯೂ ಇದೆ: ಸರಾಸರಿ ಎರಡೂವರೆ ವರ್ಷದ ಅವಧಿಯಲ್ಲಿ ಮತ್ತೆ ರಕ್ತಸ್ರಾವವಾದದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಮೆ ಮಂದಿಗೆ. ಎರಡನ್ನೂ ಕೂಡಿಸಿ ಓದಬೇಕು. ತೆರೆದುಕೊಂಡದ್ದೆಲ್ಲ ಒಡೆಯುವುದಿಲ್ಲ, ತೆರೆದದ್ದು ಚಿತ್ರದಲ್ಲಿ ಕಂಡರೆ, ಒಡೆಯುವುದಕ್ಕೆ ಮುಂಚೆ ಇನ್ನೊಂದಿಷ್ಟು ಸುರುಳಿಯನ್ನೋ ಬೇರೆ ಉಪಾಯವನ್ನೋ ಯೋಜಿಸಲು ಕಾಲಾವಕಾಶ ದೊರೆಯುತ್ತದೆ. ಆ ಅವಕಾಶ ಚಿತ್ರ ತೆಗೆಸಿದವರಿಗೆ ಮಾತ್ರ.

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆಗಳು ಇಲ್ಲದಿಲ್ಲ. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ, ಮೈಸೂರು ಸಂಸ್ಥಾನದ ಕಾಲದಿಂದ ನಡೆದುಬಂದ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ಅದರ ಪ್ರಥಮ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು ನರಶಸ್ತ್ರವೈದ್ಯರಾಗಿದ್ದವರು. ಇಂದು ಅಲ್ಲಿ ಮಿದುಳಿನ ಚಿತ್ರಣಕ್ಕೂ ನಾಳದೊಳಗಿನ ಚಿಕಿತ್ಸೆಗೂ ಸೇರಿ ಒಂದೇ ವಿಭಾಗವಿದೆ. ನೋಡುವ ಕಣ್ಣೂ ತುಂಬುವ ಕೈಯೂ ಒಂದೆಡೆಯಲ್ಲಿರಬೇಕೆಂಬ ತತ್ತ್ವವೇ ಅದಕ್ಕೆ ಆಧಾರ.

ದೂರದ ಊರಿನವರಿಗೆ ಒಂದು ಅನುಕೂಲದ ಮಾತು. ದಾವಣಗೆರೆ 1965ರಿಂದ ವೈದ್ಯಕೀಯ ಕಾಲೇಜನ್ನು ಹೊಂದಿರುವ ನಗರ, ಎಂ.ಆರ್.ಐ. ಯಂತ್ರಗಳು ಅಲ್ಲಿಯೂ ಇವೆ. ಚಿತ್ರವನ್ನು ಊರಿನಲ್ಲಿಯೇ ತೆಗೆಸಿ ಕಳುಹಿಸಬಹುದೇ ಎಂದು ಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೆಲವರಿಗೆ ಅದು ಸಾಕಾಗಬಹುದು, ಕೆಲವರಿಗೆ ಕೊಳವೆಯ ಆಂಜಿಯೋಗ್ರಾಮೇ ಬೇಕಾಗಬಹುದು. ನಿರ್ಧಾರ ಅವರದು. ಎಲ್ಲಿಗೆ ಹೋದರೂ ಹಳೆಯ ಫಿಲ್ಮುಗಳನ್ನೂ ಸಿ.ಡಿ.ಯನ್ನೂ ಒಯ್ಯಬೇಕು. ಹೋಲಿಸಲು ಹಳೆಯದಿಲ್ಲದಿದ್ದರೆ ಹೊಸ ಚಿತ್ರದ ಬೆಲೆ ಅರ್ಧಕ್ಕೆ ಇಳಿಯುತ್ತದೆ. ತಲೆಯಲ್ಲಿ ಸುರುಳಿಯಿರುವ ಸಂಗತಿಯನ್ನು ಎಂ.ಆರ್.ಐ. ಕೋಣೆಯವರಿಗೆ ಮುಂಚಿತವಾಗಿ ತಿಳಿಸಿ, ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ತೋರಿಸಬೇಕು. ಪ್ಲಾಟಿನಂ ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಲೋಹವಲ್ಲವಾದರೂ, ಒಳಗಿರುವುದು ಯಾವ ಬಗೆಯದೆಂದು ಅವರಿಗೆ ತಿಳಿದಿರುವುದು ಒಳ್ಳೆಯದು. ಮೊದಲ ಚಿತ್ರ ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ. ಮುಂದಿನವು ವರ್ಷಗಳ ಅಂತರದಲ್ಲಿ, ಉಬ್ಬಿನ ಸ್ವರೂಪಕ್ಕೆ ತಕ್ಕಂತೆ. ನಡುವಿನ ಕಾಲದಲ್ಲಿ ರಕ್ತದೊತ್ತಡದ ಗುಳಿಗೆಯನ್ನು ತಪ್ಪಿಸದಿರುವುದು, ತಂಬಾಕನ್ನು ದೂರವಿಡುವುದು ರೋಗಿಯ ಪಾಲಿನ ಕರ್ತವ್ಯ. ಸಿಡಿಲಿನಂತಹ ತಲೆನೋವು ಮತ್ತೆ ಬಂದರೆ ತಿಂಗಳ ಲೆಕ್ಕ ಹಾಕುತ್ತ ಕೂರದೆ ತತ್‌ಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ನಿಟ್ಟುವಳ್ಳಿಯ ಆ ಮನೆಗೆ ಮರಳಬಹುದು. ಮಗ ಇಷ್ಟನ್ನೂ ತಿಳಿದುಕೊಂಡು ಬಂದು ತಾಯಿಗೆ ವಿವರಿಸುತ್ತಾನೆ. ಆಕೆ ಮಾತನಾಡದೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಳೆ. ಯಜಮಾನರು ಬೀರುವಿನ ಮೇಲಿಂದ ಲಕೋಟೆಯನ್ನು ಇಳಿಸಿ, ಧೂಳು ಕೊಡವಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕವಲಿನ ತುದಿಯಲ್ಲಿ ಕಪ್ಪು ನೂಲಿನ ಸಣ್ಣ ಉಂಡೆಯಂತಹುದೊಂದು ಕಾಣುತ್ತದೆ. ಅದನ್ನೇ ಬಹಳ ಹೊತ್ತು ನೋಡುತ್ತಾರೆ.

"ಗಿರಣಿಯಾಗೆ ಲಡಿ ಸುತ್ತಿಟ್ಟ ಮೇಲೂ ಮೇಸ್ತ್ರಿ ಬಂದು ಕೈಯಾಡಿಸಿ ನೋಡೋನು. ನೋಡದೆ ಒಂದನ್ನೂ ಹೊರಗೆ ಬಿಡ್ತಿರ್ಲಿಲ್ಲ" ಎನ್ನುತ್ತಾರೆ.

ಒಲೆಯ ಕಡೆಯಿಂದ ಉತ್ತರ ಬರುವುದು ತುಸು ತಡವಾಗಿ.

"ಹಂಗಾದ್ರೆ ಮಂಗಳವಾರ ದುಗ್ಗಮ್ಮನ ಗುಡಿಗೆ ಹೋಗಿ ಬರಾಣ. ಬುಧವಾರದ ರೈಲಿಗೆ ಟಿಕೀಟು ತಗಳಪ್ಪ."